ಗಂಬೂಟು ಕೊಂಡದ್ದು

ಮೊದಲ ಜೋಡಿ ಹಸಿರು. ಕಾಲಿಟ್ಟರೆ ಒಳಗೆಲ್ಲ
ಬಾವಿಯ ಒಳಗೋಡೆಯಂಥ ತಣ್ಣನೆ ರಬ್ಬರು.
"ಅದು ಬೇಸಿಗೆಯ ಕೆಸರಿಗೆ" ಎಂದಳು ಎನಿಡ್,
ಆ ಅಂಗಡಿಯಲ್ಲೇ ತಲೆ ನರೆತವಳು,
"ಡಿಸೆಂಬರಿನ ಕೆಸರೇ ಬೇರೆ. ಅದಕ್ಕೆ ಹಲ್ಲಿರುತ್ತದೆ."

ಹೊರಗೆ ಸ್ಕಿಪ್ಟನ್ನಿನ ಸೋಮವಾರದ ಸಂತೆ.
ಚೀಸು ಮಾರುವವನ ತಾಡಪತ್ರಿ ಗಾಳಿಗೆ ಪಟಪಟ.
ಕಾರು ನಿಲ್ಲಿಸಲು ಜಾಗ ಸಿಗದೆ ವಿರೂಪಾಕ್ಷ
ಮೂರನೇ ಸುತ್ತು ಬಂದ; ದೇವರಿಲ್ಲದ ಪ್ರದಕ್ಷಿಣೆ.
ಗಾಜಿನಾಚೆ ಅವನ ಹುಬ್ಬು ಕೇಳಿತು: ಆಯಿತೇ?
ಒಂಟಿಗಾಲಲ್ಲಿ ನಿಂತು ತಲೆಯಾಡಿಸಿದೆ.

ಎರಡನೆಯದು ನೀಲಿ, ಒಳಗೆ ಕುರಿಯ ತುಪ್ಪಳು.
ಪಾದ ಹೋಯಿತು, ಹಿಮ್ಮಡಿ ಹೋಯಿತು,
ಮೀನಖಂಡಕ್ಕೆ ಬಂದು ನಿಂತುಬಿಟ್ಟಿತು.
ಈ ಮೀನಖಂಡ ನನ್ನದಲ್ಲ, ಅಜ್ಜಿಯದು;
ರಾಣೆಬೆನ್ನೂರಿನಲ್ಲಿ ಅಂಡಿಗೆಗೆ ಇಳಿದು
ಕೊರಳ ಮಟ್ಟ ಅರಳೆಯಲ್ಲಿ
ಹತ್ತಿ ತುಳಿತುಳಿದು ಬಲಿತದ್ದು.
ಈ ಬೂಟಿನ ಅಳತೆ ತೆಗೆದವರು
ಕೊಕ್ಕರೆಯನ್ನು ಕಂಡವರು, ಅವಳನ್ನಲ್ಲ.

ಮೂರನೆಯದು ಕಪ್ಪು. ಚೆಲುವಿಲ್ಲ. ಪಕ್ಕದಲ್ಲೊಂದು ಪಟ್ಟಿ,
ಬೇಕಾದಷ್ಟು ಸಡಿಲಿಸಬಹುದು, ಮಾತು ಕೇಳುವ ಜಾತಿ.
ಒಳಗೆ ಮುಳುಗುಗಾರರು ತೊಡುವ ದಪ್ಪ ಬಟ್ಟೆ.
ಕಾಲು ಇಳಿದದ್ದೇ ಬೆಚ್ಚಗಾಯಿತು,
ಆಮೇಲೆ ಎರಡನೇ ಬೆರಳಿಗೆ ಏನೋ ಕಚ್ಚಿತು.

ಎನಿಡ್ ಮಂಡಿಯೂರಿದಳು.
ಎಪ್ಪತ್ತು ದಾಟಿರಬೇಕು, ಕೀಲು ಕಟಕ್ಕೆಂದಿತು.
ಕಾಲು ಹಿಂದೆಳೆದುಕೊಂಡೆ, ಶಿವ ಶಿವಾ ಎಂದೆ.
ಕಾಲು ಹಿಡಿಯುವುದೆಂದರೆ ನಮ್ಮಲ್ಲಿ
ಸಾಲ ಕೇಳಬೇಕು, ಇಲ್ಲವೇ ಸೋತಿರಬೇಕು.
ಅವಳಿಗೆ ಕಾಲೆಂದರೆ ಕಾಲು, ಅಳತೆ ಐದೂವರೆ.
ಕಾಲ್ಚೀಲ ಎಳೆದು, ಕಾಲುಂಗುರ ನೋಡಿ,
"ಇದನ್ನು ತೆಗೆದರೆ ಐದೂವರೆ,
ಇಟ್ಟುಕೊಂಡರೆ ಆರು" ಎಂದಳು.

ಮೂವತ್ತೊಂದು ವರ್ಷ. ಬೆಳ್ಳಿಯ ಕೆಳಗೆ
ಬೆರಳಿನಲ್ಲೊಂದು ಕಾಲುವೆ ಬಿದ್ದಿದೆ.
ಅದು ಬೇಡಿಯೋ ಬೇರೋ ಎಂದು
ಕೂತು ಯೋಚಿಸಿದವಳಲ್ಲ ನಾನು.
ಇದೆ, ಮೂಗು ಇರುವ ಹಾಗೆ.
"ಆರು ಕೊಡು."

ಆರಕ್ಕೆ ಹಿಮ್ಮಡಿ ಲೊಟಕ್ ಲೊಟಕ್.
ಕಂಬಳಿಯಂಥದ್ದೊಂದನ್ನು ಕತ್ತರಿಸಿ ಅಡಿಗೆ ಹಾಸಿದಳು,
ತೆಳು ಕಾಲ್ಚೀಲದ ಮೇಲೆ ಉಣ್ಣೆಯದೊಂದು ತೊಡಿಸಿ
"ಈಗ ನಡಿ" ಎಂದಳು.
ಕೊಡೆಗಳ ಬುಟ್ಟಿಯಿಂದ ನಾಯಿ ಬಿಸ್ಕತ್ತಿನವರೆಗೆ, ಮತ್ತೆ ಹಿಂದಕ್ಕೆ.
ಹಿಮ್ಮಡಿ ಏಳುತ್ತಿದೆಯೇ? ಇಲ್ಲ.
ಬೆರಳು ಕುಣಿಯುತ್ತವೆಯೇ?
ಕುಣಿಸಿದೆ. ಯಾರಿಗೂ ಕಾಣದ ಹತ್ತು ಬೆರಳು,
ಬೆಳ್ಳಿಯೂ ಸೇರಿ.

ತೊಂಬತ್ತೆರಡು ಪೌಂಡು. ಬಿಲ್ಲು ನೋಡಿ ವಿರೂಪಾಕ್ಷ
"ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂದ.
ಇದು ಹಾಸಿಗೆಯ ಮಾತಲ್ಲ ಮಹರಾಯ, ಎಂದೆ, ಕಾಲಿನದು.

ಗುರುವಾರ ಮೋರೀನಳ ಗುಂಪಿನ ಜೊತೆ
ಕೋಟೆಯ ಹಿಂದಿನ ಹೊಲಕ್ಕೆ ಹತ್ತಿದೆವು.
ದನ ನಿಂತು ನಿಂತು ಕಲಸಿಟ್ಟ ಗೇಟಿನ ಬಾಯಲ್ಲಿ
ಎಡಗಾಲಿನದು ಹೂತಿತು. ನಾನು ಮುಂದೆ ಹೋದೆ, ಅದು ಬರಲಿಲ್ಲ.
ಗೇಟಿಗೆ ಜೋತು, ಉಣ್ಣೆಯ ಕಾಲು ಗಾಳಿಯಲ್ಲಿ,
ನಗು ಬಂದರೆ ತಡೆಯಲಾಗಲಿಲ್ಲ.
ಮೋರೀನ್ ಎರಡೂ ಕೈ ಹಾಕಿ ಜಗ್ಗಿದಳು.
ಕಡ ಒಯ್ದ ಸೇರನ್ನು ಮರಳಿಸುವ ನೆರೆಯವಳಂತೆ
ಕೆಸರು ಕೊಟ್ಟಿತು, ಒಲ್ಲದ ಮನಸ್ಸಿನಿಂದ.
ಒಳಗೆ ಒಂದು ಹನಿ ಇಲ್ಲ.

ಹೊರಗೆ ಬಿಟ್ಟರೆ ಬೆಳಗ್ಗೆ ಐಸು, ಎಂದಿದ್ದಳು ಎನಿಡ್.
ಮೆಟ್ಟಿದ್ದನ್ನು ಅಡುಗೆಮನೆಗೆ ತರುವುದೇ?
ಹಿತ್ತಲ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದೆ.
ಕೊನೆಗೆ ತೊಳೆದು, ಒರೆಸಿ, ಬಾಯ್ಲರಿನ ಪಕ್ಕ
ಹಳೆ ಪೇಪರಿನ ಮೇಲೆ ಇಟ್ಟೆ,
ದೇವರ ಗೂಡಿಗೆ ಬೆನ್ನು ಮಾಡಿಸಿ.

ರಾತ್ರಿ ನೀರು ಕುಡಿಯಲು ಎದ್ದರೆ
ದೀಪ ಹಾಕದೆ ವಿರೂಪಾಕ್ಷ ಅಲ್ಲಿ ಕುಕ್ಕರುಗಾಲಲ್ಲಿ,
ಒಂದರೊಳಗೆ ಮೊಣಕೈವರೆಗೂ ಕೈ ಇಳಿಸಿ.
"ಇನ್ನೂ ಬೆಚ್ಚಗದಾವ" ಎಂದ.