ಮೂರನೇ ಪಾಳಿ

ಮೂಲಂಗಿ ಎಲಿ ಹಸರಗೇ ನಿಂತಿದ್ವು.
ಹಿಡಿದು ಎತ್ತಿದೆ, ಬರೀ ಎಲಿ ಬಂತು ಕೈಗೆ.
ಎರಡನೇದು ಎತ್ತಿದೆ. ಮೂರನೇದು.
ಅಷ್ಟೂ ಸಾಲು
ಟೋಪಿ ಬಿಟ್ಟು ತಲಿ ಒಯ್ದಂಗ ಒಯ್ದಿತ್ತು ಹೆಗ್ಗಣ,
ಮಣ್ಣಿನ ಮ್ಯಾಲ ಒಂದು ಬಿರುಕೂ ಬಿಡದ.

ಸಿಟ್ಟು ಬರಬೇಕಿತ್ತು.
ಮೊದಲ ಬಂದದ್ದು ಮೆಚ್ಚಿಗಿ.
ಮೂವತ್ತೊಂದು ವರ್ಷ ಹಟ್ಟಿ ಗಣಿಯಾಗ
ಇದನ್ನ ಮಾಡಿದವ ನಾನು:
ಮ್ಯಾಲ ಊರು ಇದ್ದಂಗ ಇರಬೇಕು, ಚಾದಂಗಡಿ, ಸಾಲಿ, ಮಸೂತಿ,
ಸಂತ್ಯಾಗ ಕುಂತ ಬಳಿಗಾರ್ತಿ ಬುಟ್ಟಿ ಅಲುಗಬಾರದು,
ಕೆಳಗಿನದಷ್ಟ ತಕ್ಕೊಂಡು ಬರಬೇಕು.

ತಾಯಮ್ಮ ಅಂದಳು, "ಘಾಟು ಹಾಕು.
ಗುಂಟೂರು ಮೆಣಸಿನಕಾಯಿ ಅದಾವು ಡಬ್ಬ್ಯಾಗ,
ಬಿಲದ ಬಾಯಿಗೆ ಕುಳ್ಳು ಹಚ್ಚಿ ಊದು,
ಕೆಮ್ಮಿಕೋತ ಬರ್ತಾವು."
ಮಗ್ಗಲಮನಿ ಬಂದೇನವಾಜ ಅಂದ,
"ನೀರು ಬಿಡ್ರಿ ಕಾಕಾ, ಪೈಪು ನಂದೇ ಒಯ್ರಿ."
ಇಬ್ಬರಿಗೂ ಹೂಂ ಅಂದೆ.

ಘಾಟು ಗೊತ್ತು ನನಗ.
ಮದ್ದು ಸಿಡಿದ ಮ್ಯಾಲ ಹೊಗಿ ಹೋಗೋತನಕ
ಕಲ್ಲಿಗೆ ಬೆನ್ನು ಹಚ್ಚಿ
ಒದ್ದಿ ಟವೆಲ್ ಕಚ್ಚಿಕೊಂಡು ಕುಂತೀನಿ.
ನೀರೂ ಗೊತ್ತು. ಪಂಪು ಕೆಟ್ಟ ರಾತ್ರಿ
ಮೊಣಕಾಲಿನಿಂದ ಸೊಂಟಕ್ಕ ಏರಾಕ ಅದಕ್ಕ ಹಿಡಿದದ್ದು
ಒಂದು ಬೀಡಿ ಸೇದೋ ಹೊತ್ತು.
ಅವತ್ತು ಮೋನಪ್ಪನ ಹಿತ್ತಾಳಿ ಬಿಲ್ಲೆ
ತಿರುಗಿ ಬೋರ್ಡಿಗೆ ಬರಲಿಲ್ಲ.

ಜಾಳಗಿ ತಂದೆ ಲಿಂಗಸುಗೂರಿನಿಂದ,
ಬೆರಳು ತೂರದಂಥದ್ದು, ಕಿಲೋ ಲೆಕ್ಕ.
ಸುತ್ತ ಎರಡು ಫೂಟು ತೆಗ್ಗು ತೋಡಬೇಕು,
ತಳದಾಗ ಒಂದು ಗೇಣು ಹೊರಗ ಮಡಚಬೇಕು.
ಕೆರಕೋತ ಬಂದದ್ದು ಅಲ್ಲಿ ಮೂಗು ಬಡಿದು
ಇನ್ನೂ ಕೆಳಗ ಐತೇನೋ ಅಂತ ಬ್ಯಾಸರ ಮಾಡ್ಕೋಬೇಕು.

ನುಗ್ಗಿಗಿಡದ ಹತ್ರ ಗುದ್ದಲಿ ಟೊಳ್ಳಿಗೆ ತಾಕಿತು.
ಹಳೇ ಕ್ಯಾಪ್ ಲ್ಯಾಂಪ್ ಹಚ್ಚಿ ಬೋರಲ ಮಲಗಿದೆ.
ಎಷ್ಟು ಚೊಕ್ಕ ಕೆಲಸ!
ಇಳಿಜಾರು ಹಿಡಿದು ಒಂದು ದಾರಿ, ಮಗ್ಗಲಕ್ಕ ಉಗ್ರಾಣ,
ಅದರಾಗ ಏಳು ಉಳ್ಳಾಗಡ್ಡಿ, ಸೇಂಗಾ,
ತಾಯಮ್ಮ ನನ್ನ ಮ್ಯಾಲ ಹಾಕಿ ಬೈದ ಸಾಬೂನು ತುಂಡು.
ಆಚಿ ತುದಿಗೆ ಇನ್ನೊಂದು ಬಾಗಿಲು,
ರೊಟ್ಟಿಯಷ್ಟ ತೆಳ್ಳಗ ಮಣ್ಣು ಮುಚ್ಚಿದ್ದು,
ಒಳಗಿಂದ ತಲಿ ಕೊಟ್ಟರ ತೆರಿಯೋವಂಗ.

ಒಂದು ದಾರಿ ಮುಚ್ಚಿದ್ರ ಇನ್ನೊಂದು ಇರಬೇಕು.
ಗಣಿ ಕಾನೂನೂ ಅದನ್ನ ಹೇಳತೈತಿ.
ನಮ್ಮ ಲೆವೆಲ್ಲಿಗೂ ಇತ್ತು ಎರಡನೇ ದಾರಿ,
ನಕಾಶೆದಾಗ.

ಸಾಬೂನು ತಕ್ಕೊಂಡೆ.
ಉಳ್ಳಾಗಡ್ಡಿ ಮುಟ್ಟಲಿಲ್ಲ.
ಆ ಕಡಿ ಜಾಳಗಿ ಒಂದು ರಾತ್ರಿ ಹಂಗ ಬಿಟ್ಟೆ,
ಸಂಸಾರ ಎತ್ತಿಕೊಂಡು ಹೋಗಲಿ.
"ಸೊಂಟ ನೋವೇನು?" ಅಂದಳು ತಾಯಮ್ಮ.
ಹೌದಂದೆ.
ಮುಂಜಾನೆ ಬೇವಿನ ಹಿಂಡಿ ಕಲಸಿ ಮುಚ್ಚಿದೆ,
ಮ್ಯಾಲ ನಿಂತು ತುಳಿದೆ,
ತುಳಿಯೋವಾಗ ಕಾಲು ತಾವೇ ಹಗುರಾದ್ವು.

ಹದಿನೆಂಟು ದಿನ ಆತು. ಮೂಲಂಗಿ ಎರಡೆಲಿ ಬಿಟ್ಟಾವು,
ಪುಂಡಿಪಲ್ಯ ಗೇಣುದ್ದ.
ಜಾಳಗಿ ಹೊರಗ ದಿನಾ ಒಂದು ಬೊಗಸಿ ಹೊಸ ಮಣ್ಣು ಬಿದ್ದಿರತೈತಿ,
ಯಾರೋ ಅಳತಿ ಹಿಡ್ಯಾಕ ಬಂದು ಹೋದಂಗ.

ರಾತ್ರಿ ಪಾಳಿಯವರು ಮದ್ದು ಸಿಡಿಸ್ತಾರ.
ನೆಲ ಒಳಗೇ ಗುದ್ದತೈತಿ, ನೆಲುವಿನ ಗಡಿಗಿ ಸಣ್ಣಗ ಅಲುಗತೈತಿ.
ಎಷ್ಟು ತೂತು ತುಂಬ್ಯಾರ ನನಗೀಗ ಯಾರು ಹೇಳಬೇಕು,
ಆದ್ರೂ ಹಾಸಿಗ್ಯಾಗ ಎಣಸ್ತೀನಿ.
ಒಂದು ಕಡಿಮಿ ಬಿದ್ರ ಒಂದು ಜೀವಂತ ಉಳದೈತಂತ ಲೆಕ್ಕ,
ನಾಳೆ ಕೊರಿಯಾಕ ಹೋದವನ ಕಾಲ ಕೆಳಗ.

ನಿನ್ನೆ ಎದ್ದು ಹಿತ್ತಲಕ್ಕ ಹೋದೆ.
ಜಾಳಗಿ ಆಚಿಗೆ ಅದೂ ಇತ್ತು,
ಮುಂಗಾಲು ಒಂದು ಎತ್ತಿಕೊಂಡು.
ಹನ್ನೊಂದು ಕೇಳಿದ್ವು.
ಹನ್ನೆರಡನೇದು ಇರಬೋದಂತ
ನಾನೂ ಅಲುಗಲಿಲ್ಲ,
ಅದೂ ಅಲುಗಲಿಲ್ಲ.