ಮೂರನೇ ಸುರುಳಿ

ಬಾಗಿಲಿನ ಕೀಲಿಕೈ ಅವನ ಜೇಬಿನಲ್ಲೇ ಇತ್ತು.
ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಉಪ್ಪಳ ಗೇಟಿನ ಪಕ್ಕ ನನ್ನ ಅಂಗಡಿ.
ಬೋರ್ಡಿನಲ್ಲಿ ಇನ್ನೂ ಅಪ್ಪನ ಹೆಸರು:
ದೂಮಣ್ಣ ಗಟ್ಟಿ, ರೇಡಿಯೋ ರಿಪೇರಿ.
ಬಂದವರು ನನ್ನನ್ನು ದಾಟಿ ಒಳಗೆ ಇಣುಕುತ್ತಾರೆ,
ಮೇಸ್ತ್ರಿ ಇಲ್ವಾ ಎಂದು.
ಇದ್ದಾಳೆ, ಅನ್ನುತ್ತೇನೆ, ಸಾಲ್ಡರಿನ ಹೊಗೆ ಊದುತ್ತ.

ಹೇರೂರಿನ ಅಬ್ಬೋನು ಹಾಗೆ ಕೇಳಲಿಲ್ಲ.
ಪಿಕಪ್ಪಿನಿಂದ ನಾಲ್ಕು ಜನ ಇಳಿಸಿದರು
ಆಳೆತ್ತರದ ಪೆಟ್ಟಿಗೆ, ಗಾಜಿನ ತುಂಬ ಹಣ್ಣು.
‘ಇಪ್ಪತ್ತೆರಡು ವರ್ಷ ಒಂದೇ ಹಡಗು, ಸ್ಟುವರ್ಡ್ ನಾನು.
ಇದು ಅಲ್ಲಿಯ ಬಾರಿನಲ್ಲಿ ನಿಂತಿತ್ತು.
ಅರ್ಧ ಸಂಬಳ ಇದು ತಿಂದಿತು,
ಉಳಿದದ್ದರಲ್ಲಿ ಮನೆ ಕಟ್ಟಿದೆ.
ಹಡಗು ಒಡೆಯುವಲ್ಲಿ ತೂಕಕ್ಕೆ ಕೊಟ್ಟರು. ತಂದೆ.’

ಅವನ ಮೊಮ್ಮಗಳು ಬೆರಳಿಟ್ಟು ಓದಿದಳು:
ಇದು ಲಿಂಬೆ, ಇದು ಬಚ್ಚಂಗಾಯಿ,
ಇದು ಪುನರ್ಪುಳಿ.
ಪ್ಲಮ್ ಎಂದು ನಾನು ತಿದ್ದಲಿಲ್ಲ.
ನಾನೂ ತಿಂದವಳಲ್ಲ.

ಕರೆಂಟು ಕೊಟ್ಟೆ.
ಎರಡು ಸುರುಳಿ ತಿರುಗಿ ತಮ್ಮ ಜಾಗದಲ್ಲಿ ನಿಂತವು.
ಮೂರನೆಯದು ನಿಲ್ಲಲೇ ಇಲ್ಲ.

ಹಿಂದಿನಿಂದ ಬಿಚ್ಚಿದರೆ, ಬೋರ್ಡಿನ ಮೂಲೆಯಲ್ಲಿ
ಬ್ಯಾಟರಿ ಒಡೆದು ಸೋರಿ
ತಾಮ್ರದ ಗೆರೆಗಳ ಮೇಲೆಲ್ಲ ಹಸಿರು ಕಿಲುಬು.
ಕರೆಂಟು ಹೋದರೂ ಲೆಕ್ಕ ಮರೆಯದಿರಲಿ ಎಂದು
ಇಟ್ಟ ಬ್ಯಾಟರಿ ಅದು.
ಸೆಲ್ಲು ಒಳಗೇ ಬಿಟ್ಟು ಮಲಗಿಸಬೇಡ, ಅನ್ನುತ್ತಿದ್ದರು ಅಪ್ಪ,
ಟ್ರಾನ್ಸಿಸ್ಟರಿನ ಬಗ್ಗೆ.

ಕ್ಷಾರಕ್ಕೆ ಹುಳಿಯೇ ಆಗಬೇಕು.
ಎದುರಿನ ಗೂಡಂಗಡಿಯಿಂದ ಎರಡು ಲಿಂಬೆ ತಂದು
ಹಳೆಯ ಟೂತ್‌ಬ್ರಶ್ಶಿನಲ್ಲಿ ತಿಕ್ಕಿದೆ.
ಸುಯ್ಯೆಂದು ನೊರೆ. ತೊಳೆದೆ, ಒಣಗಿಸಿದೆ.
ತುಂಡಾದ ಒಂಬತ್ತು ಗೆರೆಗೆ ಕೂದಲಿನಂಥ ತಂತಿ,
ಒಂದೊಂದಾಗಿ, ಮೀಟರು ಕೀಂ ಅನ್ನುವವರೆಗೆ.
ಮಂಗಳೂರಿನ ಲೋಕಲ್ಲು ಎರಡು ಸಲ ಹೋಯಿತು.
ಮೇಜು ನಡುಗುವಷ್ಟು ಹೊತ್ತು ಕೈ ಎತ್ತಿ ಕಾದೆ.

ಮತ್ತೆ ಕೊಟ್ಟೆ. ಮೂರನೆಯದು ಮತ್ತೆ ತಿರುಗುತ್ತಲೇ.

ಪಾಪದ ಬೋರ್ಡನ್ನು ಸುಮ್ಮನೆ ಬೈದಿದ್ದೆ.
ಪ್ರತಿ ಸುರುಳಿಯ ಅಂಚಿನಲ್ಲಿ ಉಗುರಿನಷ್ಟು ನಾಲಗೆ.
ಸುತ್ತಿಗೊಮ್ಮೆ ಅದು ಬೆಳಕಿನ ಕಣ್ಣನ್ನು ಮುಚ್ಚಿದರೆ
ಯಂತ್ರಕ್ಕೆ ತಿಳಿಯುತ್ತದೆ, ಎಣಿಕೆ ಇಲ್ಲಿಂದ ಎಂದು.
ಇದರ ನಾಲಗೆ ಮುರಿದಿತ್ತು.
ಲಿಂಬೆ ಗಂಟೆ ಪುನರ್ಪುಳಿ ಲಿಂಬೆ ಗಂಟೆ,
ಎಲ್ಲ ಹಣ್ಣೂ ಇದ್ದವು,
ಮೊದಲನೆಯದು ಯಾವುದೆಂದು ಗೊತ್ತಿರಲಿಲ್ಲ, ಅಷ್ಟೆ.

ಹಳೆಯ ರೀಚಾರ್ಜ್ ಕಾರ್ಡು ಕತ್ತರಿಸಿ,
ಕಪ್ಪು ಬಳಿದು, ಅಂಟಿಸಿದೆ.

ಮುರಿದ ತುಂಡು ಹುಡುಕಲು ತಳಕ್ಕೆ ಕೈ ಹಾಕಿದಾಗ
ಸಿಕ್ಕಿದ್ದು ಬೇರೆ:
ತೂತು ಕೊರೆದು ನೂಲು ಕಟ್ಟಿದ ಹತ್ತು ಪೆನ್ಸಿನ ನಾಣ್ಯ.
ಅಬ್ಬೋನಿನ ಕಿವಿ ಕೆಂಪಾಯಿತು.
‘ನನ್ನದಲ್ಲ.’
ನಾನು ಕೇಳಿರಲಿಲ್ಲ.

ಒಳಗೊಂದು ಪುಟ್ಟ ಸ್ವಿಚ್ಚಿದೆ, ಅಂದೆ,
ನೂರು ನುಂಗಿದರೆ ಎಷ್ಟು ಉಗುಳಬೇಕೆಂಬುದಕ್ಕೆ.
ಎಪ್ಪತ್ತೆರಡರಲ್ಲಿದೆ. ತೊಂಬತ್ತಕ್ಕೆ ಏರಿಸಲಾ?

ಅವನು ತುಟಿ ಆಡಿಸುತ್ತ ಲೆಕ್ಕ ಹಾಕಿದ,
ಬಹಳ ಹೊತ್ತು, ಬಂದರು ಬಂದರಾಗಿ.
‘ಬೇಡ,’ ಅಂದ. ‘ಇದ್ದ ಹಾಗೇ ಇರಲಿ.
ಈಗ ಬದಲಾಯಿಸಿದರೆ
ಅಲ್ಲಿ ಸೋತದ್ದು ಇದಕ್ಕಲ್ಲ ಅಂತಾಗ್ತದೆ.’

ಒಂದು ಡಬ್ಬಿ ನಾಣ್ಯ ತಂದಿದ್ದ.
ಮುಕ್ಕಾಲು ಗಂಟೆಯಲ್ಲಿ ಎಲ್ಲ ಸೋತ.
ಕೀಲಿಕೈ ತೆಗೆದ, ಬಾಗಿಲು ತೆರೆದ,
ತನ್ನದನ್ನೆಲ್ಲ ಬಾಚಿಕೊಂಡ,
ಬಾಗಿಲು ಹಾಕಿ ಮತ್ತೆ ಶುರುಮಾಡಿದ.
ಮೊಮ್ಮಗಳು ನನ್ನ ಮುಖ ನೋಡಿದಳು.

ಬಿಲ್ಲಿನ ಕೊನೆಯಲ್ಲಿ ಬರೆದೆ: ಲಿಂಬೆ, ಎರಡು.
ಅವನು ಓದಿ ಗಾಜಿನ ಕಡೆ ತಿರುಗಿದ.
ಮೂರು ಒಟ್ಟಿಗೆ ಬಂದರೆ ಎಷ್ಟು ಸಿಗುತ್ತದೆ, ಕೇಳಿದೆ.

‘ಲಿಂಬೆಗಾ?
ಲಿಂಬೆಗೆ ಯಾವತ್ತೂ ಏನೂ ಇಲ್ಲ.’