ನಂಬರು ನೂರಾ ನಲವತ್ತೇಳು

ಮೂರು ತಿಂಗಳಿಗೊಮ್ಮೆ, ಮಂಗಳವಾರ,
ಬಿಳಿ ಡಬ್ಬಿಯನ್ನು ಬ್ಲೌಸ್ ಪೀಸಿನ ಕವರಿಗೆ ಹಾಕಿ
ನಿಟುವಳ್ಳಿಯಲ್ಲಿ ಆಟೋ ಹತ್ತುತ್ತೇನೆ.
ಪಕ್ಕದವರು ಕೇಳಿದರೆ, ಒಬ್ಬರಿಗೆ ಕೊಡುವುದಿದೆ ಅನ್ನುತ್ತೇನೆ.
ಸುಳ್ಳೇನಲ್ಲ.

ಅಲ್ಲಿ ನಾನು ಶಿವಗಂಗಮ್ಮ ಅಲ್ಲ.
ಡಬ್ಬಿಯ ಮೇಲೆ, ಫೈಲಿನ ಮೇಲೆ, ರಕ್ತದ ನಳಿಕೆಯ ಮೇಲೆ
ಹನ್ನೊಂದು ವರ್ಷದಿಂದ ನೂರಾ ನಲವತ್ತೇಳು.
ಮದುವೆಯಲ್ಲಿ ಇಟ್ಟ ಹೆಸರಿಗಿಂತ
ಇದೇ ಬಾಳಿಕೆ ಬಂದಿದೆ.

ದಿನಕ್ಕೆ ಎಷ್ಟು ಸಲ?
ರಕ್ತ ಕಂಡಿತೇ?
ಕಳೆದ ಏಳು ದಿನಗಳಲ್ಲಿ, ಕಕ್ಕಸು ದೂರವೆಂಬ ಭಯಕ್ಕೆ
ಎಲ್ಲಿಗಾದರೂ ಹೋಗುವುದನ್ನು ಬಿಟ್ಟಿರಾ?
ಇಲ್ಲ, ಅಪರೂಪಕ್ಕೆ, ಆಗಾಗ, ಯಾವಾಗಲೂ:
ಒಂದಕ್ಕೆ ಸುತ್ತು ಹಾಕಬೇಕು.
ತಂಗಿಯ ಮಗಳ ಆರತಕ್ಷತೆ ಹರಿಹರದಲ್ಲಿತ್ತು,
ಹದಿನಾಲ್ಕು ಕಿಲೋಮೀಟರು.
ಹೊಲಿದ ಬ್ಲೌಸ್ ಹೋಯಿತು, ನಾನು ಹೋಗಲಿಲ್ಲ.
ಇದು ಅಪರೂಪವೋ, ಆಗಾಗವೋ?

ಅಳತೆ ನನಗೆ ಹೊಸದಲ್ಲ.
ಎದೆ ಮೂವತ್ತಾರು, ತೋಳು ಹತ್ತು, ಬೆನ್ನು ಇನ್ನೊಂಚೂರು ಇಳಿಸು,
ಓಣಿಯ ಹೆಂಗಸರೆಲ್ಲ ನನ್ನ ನೋಟ್‌ಬುಕ್ಕಿನಲ್ಲಿ
ಅಂಕಿಗಳಾಗಿ ಮಲಗಿದ್ದಾರೆ.
ಒಬ್ಬರ ಅಂಕಿ ಇನ್ನೊಬ್ಬರಿಗೆ ಹೇಳಿದವಳಲ್ಲ.
ಇವರೂ ಹೇಳುವುದಿಲ್ಲವಂತೆ. ಬರೆದುಕೊಟ್ಟಿದ್ದಾರೆ, ಪುಟ ನಾಲ್ಕು.

ಪುಟ ಎರಡು: ಇದರಿಂದ ನಿಮಗೆ ನೇರ ಪ್ರಯೋಜನ ಆಗದಿರಬಹುದು.
ಪುಟ ಮೂರು: ಯಾವಾಗ ಬೇಕಾದರೂ, ಕಾರಣ ಕೊಡದೆ,
ನೀವು ಹಿಂದೆ ಸರಿಯಬಹುದು.
ಅಧ್ಯಯನದಿಂದ ಸರಿಯಬಹುದು ಡಾಕ್ಟರೇ,
ಇನ್ನೊಂದರಿಂದ ಸರಿಯಲು ಯಾವ ಪುಟದಲ್ಲಿ ಸಹಿ ಮಾಡಲಿ?
ಮೊದಲ ಡಾಕ್ಟರು ನಕ್ಕರು, ವರ್ಗವಾಗಿ ಹೋದರು.
ಎರಡನೆಯವರು ನಗಲಿಲ್ಲ, ಪ್ರಬಂಧ ಮುಗಿಸಿ ಹೋದರು.
ಈಗಿನ ಹುಡುಗಿ, ನಾನು ಮೊದಲ ಫಾರಂ ತುಂಬಿದಾಗ
ಹೈಸ್ಕೂಲಿನಲ್ಲಿದ್ದಳಂತೆ.
ಕಾಯಂ ನೌಕರಿ ನಮ್ಮದೇ.

ಕರುಳಿಲ್ಲದವಳು ಅನ್ನುತ್ತಿದ್ದರು ನಮ್ಮತ್ತೆ.
ಇದೆ ಅತ್ತೆ, ಟೀವಿಯಲ್ಲಿ ನಾನೇ ನೋಡಿದೆ:
ನಸುಗೆಂಪು ಓಣಿ, ಅಲ್ಲಲ್ಲಿ ಡಾಂಬರು ಕಿತ್ತ ಹಾಗೆ.
ಚಿವುಟಿ ತೆಗೆದ ತುಣುಕು, ಅಕ್ಕಿಕಾಳಿನಷ್ಟು,
ಸೊನ್ನೆಗಿಂತ ಎಂಬತ್ತು ಡಿಗ್ರಿ ಕೆಳಗೆ ಇಟ್ಟಿದ್ದಾರೆ.
ನಾನು ಹೋದ ಮೇಲೂ ಕೆಡುವುದಿಲ್ಲವಂತೆ.

ಬೆಂಚಿನ ಮೇಲೆ ನನ್ನ ಪಕ್ಕ ನೂರಾ ನಲವತ್ತೆಂಟು, ದಾದಾಪೀರ್,
ಮಂಡಕ್ಕಿ ಭಟ್ಟಿಯಲ್ಲಿ
ಕಾದ ಮರಳಿಗೆ ಅಕ್ಕಿ ಸುರಿದು ಅರಳಿಸುವವರು.
"ನೋಡ್ರಿ ಅಕ್ಕಾರೆ, ನಾ ಬೆಂಕಿ ಮುಂದೆ, ನನ್ನ ತುಂಡು ಐಸಿನಾಗೆ."
ನರ್ಸುಗಳಿಗೆ ಮಂಡಕ್ಕಿ ತರುತ್ತಿದ್ದರು.
ಮೆಣಸಿನಕಾಯಿಯನ್ನು ನಾವಿಬ್ಬರೂ
ಮಾತಿನಲ್ಲೇ ಕರಿದು, ಮಾತಿನಲ್ಲೇ ತಿನ್ನುತ್ತಿದ್ದೆವು.

ಒಂದು ಮಂಗಳವಾರ ಆ ಜಾಗ ಖಾಲಿ.
ಕೇಳಿದರೆ ಹೇಳುವ ಹಾಗಿಲ್ಲ: ಪುಟ ನಾಲ್ಕು.
ಆರು ತಿಂಗಳಿಗೆ ಬಂದರು. ಸಡಿಲ ಅಂಗಿ, ಹೊಟ್ಟೆಯ ಮೇಲೆ ಚೀಲ.
ದಿನಕ್ಕೆ ಎಷ್ಟು ಸಲ, ಅಂದವಳೇ ಹುಡುಗಿ ಪೆನ್ನು ತಡೆದಳು.
"ಸೊನ್ನೆ ಬರಿಯವ್ವ.
ಹನ್ನೊಂದು ವರ್ಷಕ್ಕೆ ಮೊದಲ ಸೊನ್ನೆ. ದೊಡ್ಡದಾಗಿ ಬರಿ."

ಅವರ ಅಂಗಿಗೆ ಒಳಜೇಬು ಹೊಲಿದುಕೊಟ್ಟೆ, ಚೀಲದ ಅಳತೆಗೆ.
ನೋಟ್‌ಬುಕ್ಕಿನಲ್ಲಿ ಹೆಸರು ಬರೆಯಲಿಲ್ಲ.
ನಂಬರು ಬರೆದೆ.

ಇವತ್ತು ಹೊಸಬಳು. ಕಾಲೇಜಿನವಳಿರಬೇಕು,
ಡಬ್ಬಿಯನ್ನು ವೇಲಿನೊಳಗೆ ಅವಿತಿಟ್ಟು
ಒಂದೇ ಸಮ ಕಾಲು ಅಲ್ಲಾಡಿಸುತ್ತಾಳೆ.
ವಾಸಿ ಆಗತ್ತಾ ಆಂಟಿ? ಅಂದಳು.
ಆ ಪ್ರಶ್ನೆಗೆ ನನ್ನ ಫಾರಮಿನಲ್ಲಿ ಖಾನೆ ಇಲ್ಲ.

ಕೆಳಗೆ ಎರಡನೆಯದಕ್ಕೆ ಚಿಲಕ ಇಲ್ಲ, ಅಂದೆ.
ಮೂರನೆಯದರಲ್ಲಿ ಹತ್ತು ಗಂಟೆಗೆ ನೀರು ನಿಲ್ಲುತ್ತೆ.
ಮೇಲೆ ಹೋಗು, ಎಕ್ಸ್‌ರೇ ಪಕ್ಕ.
ಬೀಗ ಹಾಕಿದ ಹಾಗೆ ಕಾಣುತ್ತೆ.
ಹಾಕಿರಲ್ಲ. ತಳ್ಳು.